ಚೌಡಪ್ಪನವರ ಮೂರು ಬೆರಳು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆಯವರ ಬಾಯಿಂದ ಕೇಳಿ ನನ್ನನ್ನು ಬಯ್ಯುವುದು ಬೇಡ. ಆ ದಿನ ವಾರ್ಡಿನಲ್ಲಿ ಪಿಳ್ಳಪ್ಪನಿಗೆ ಎದ್ದು ಕೂರಲು ಹೇಳಿದವನು ನಾನು. ಬಾಯಿ ನನ್ನದು, ದನಿ ಚೌಡಪ್ಪನವರದು. ಆ ಒಂದು ಮಾತಿಗೆ ಪಿಳ್ಳಪ್ಪನ ರಕ್ತ ಹಾಸಿಗೆ ಪಾಲಾಯಿತು, ಚೌಡಪ್ಪನವರ ಕೆಲಸ ಹೋಗುವುದರಲ್ಲಿತ್ತು. ನನಗೇನು ನಷ್ಟವಾಯಿತು ಎಂದರೆ, ಮಧ್ಯಾಹ್ನದ ಅನ್ನ ತಣ್ಣಗಾಯಿತು. ಪೆದ್ದರ ಹಣೆಬರಹ ಯಾವಾಗಲೂ ಗಟ್ಟಿ.

ಚೌಡಪ್ಪನವರ ವಿಷಯ ಹೇಳಬೇಕಾದರೆ ಮುಖದಿಂದ ಶುರು ಮಾಡುವಂತಿಲ್ಲ, ಬೆರಳಿನಿಂದಲೇ ಶುರು ಮಾಡಬೇಕು. ಬಲಗೈಯ ನಡುವಿನ ಮೂರು ಬೆರಳು ತುದಿಯಲ್ಲಿ ಚಪ್ಪಟೆಯಾಗಿದ್ದವು, ತಲೆಮಾರು ಕಂಡ ಮರದ ಸೌಟಿನ ಹಾಗೆ. ಆ ಬೆರಳುಗಳಿಗೆ ಬಿಡುವೆಂಬುದೇ ಇರಲಿಲ್ಲ. ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನ ಕಂಬಿಯನ್ನು ಒತ್ತುತ್ತಿದ್ದವು, ಮನೆಯಲ್ಲಿ ನಿಂತರೆ ಬಾಗಿಲ ಚೌಕಟ್ಟನ್ನು. ಪೀಣ್ಯದ ಸಂತೆಯಲ್ಲಿ ತರಕಾರಿ ಮಾರುವ ಹೆಂಗಸು ಅವರನ್ನು ಕಂಡ ಕೂಡಲೇ ಬದನೆಕಾಯಿಯ ಮೇಲೆ ಟವೆಲ್ಲು ಮುಚ್ಚುತ್ತಿದ್ದಳು. ಯಾರಿಗಾದರೂ ಮುಖ್ಯವಾದ ಮಾತು ಹೇಳಬೇಕೆನಿಸಿದರೆ ಅವರ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು, ಮಾತು ಮುಗಿಯುವವರೆಗೆ ತೆಗೆಯುತ್ತಿರಲಿಲ್ಲ. ಅವರ ಮಾತು ಬೇಗ ಮುಗಿಯುತ್ತಿತ್ತು, ಅದೊಂದು ಪುಣ್ಯ.

ಅವರು ಊರೊಳಗಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಬ್ರದರ್, ಎಂದರೆ ಗಂಡು ನರ್ಸು. ತೊಡೆಯ ಸಂದಿನಿಂದ ಸಣ್ಣ ಕೊಳವೆ ತೂರಿಸಿ ಹೃದಯದೊಳಕ್ಕೆ ಕಳಿಸುವ ಒಂದು ಕೋಣೆ ಅಲ್ಲಿತ್ತು. ಒಳಗಿನದೆಲ್ಲ ಪರದೆಯ ಮೇಲೆ ಕಾಣುತ್ತಿದ್ದುದರಿಂದ ರೋಗಿಗಳು ಅದನ್ನು ಟೀವಿ ರೂಮು ಅನ್ನುತ್ತಿದ್ದರು. ಕೊಳವೆ ತೂರಿಸುವುದು, ನೋಡುವುದು, ಅಳೆಯುವುದು, ಹೊರಗೆ ತೆಗೆಯುವುದು ಡಾಕ್ಟರುಗಳ ಕೆಲಸ. ತೆಗೆದ ಮೇಲೆ ರಕ್ತನಾಳದಲ್ಲಿ ಒಂದು ತೂತು ಉಳಿಯುತ್ತದಲ್ಲ, ಅದನ್ನು ಮುಚ್ಚುವುದು ಚೌಡಪ್ಪನವರ ಕೆಲಸ. ಹೊಲಿಗೆ ಇಲ್ಲ, ಅಂಟು ಇಲ್ಲ, ಬಿರಡೆ ಇಲ್ಲ. ಮೂರು ಬೆರಳಿಟ್ಟು ಒತ್ತಿ ಹಿಡಿದು, ರಕ್ತ ತಾನಾಗಿ ಹೆಪ್ಪುಗಟ್ಟಿ ಬಾಗಿಲು ಹಾಕಿಕೊಳ್ಳುವವರೆಗೆ ಕಾಯುವುದು. ಆಗ ಅದಕ್ಕೆ ಬೇರೆ ಉಪಾಯವೇ ಇರಲಿಲ್ಲ.

ಅವರು ನನಗೆ ಆಸ್ಪತ್ರೆಯಿಂದ ಪರಿಚಯವಾದವರಲ್ಲ, ನಮ್ಮ ಮನೆ ಓನರ್ರು. ಪೀಣ್ಯದಲ್ಲಿ ಕಾರ್ಖಾನೆಗಳು ಬಂದಾಗ ಅವರ ಮನೆತನದ ಹೊಲ ಹೋಯಿತು. ಉಳಿದ ಹಿತ್ತಿಲಿನಲ್ಲಿ ಸಾಲಾಗಿ ಕೋಣೆ ಕಟ್ಟಿಸಿ ನಮ್ಮಂಥವರಿಗೆ ಬಾಡಿಗೆಗೆ ಕೊಟ್ಟಿದ್ದರು. ರಾಜಗೋಪಾಲನಗರದ ಆ ವಠಾರದಲ್ಲಿ ಲೇತ್ ಮೆಷೀನಿನವರು, ವೆಲ್ಡಿಂಗಿನವರು, ಎರಕ ಹುಯ್ಯುವ ಫೌಂಡ್ರಿಯಲ್ಲಿ ಮರಳಿನ ಅಚ್ಚು ಕಟ್ಟುವ ನಾನು. ಎಲ್ಲರಿಗೂ ಒಂದೇ ನಲ್ಲಿ. ಹೊಲ ಹೋದರೂ ಅವರು ಎರಡು ಹಸು ಉಳಿಸಿಕೊಂಡಿದ್ದರು. ಬೆಳಿಗ್ಗೆ ಕಾರ್ಖಾನೆಯ ಸೈರನ್ ಕೂಗಿದರೆ ನಾವು ಓಡುತ್ತಿದ್ದೆವು, ಹಸುಗಳು ಕಿವಿಯನ್ನೂ ಆಡಿಸುತ್ತಿರಲಿಲ್ಲ. ಹಾಲು ಕರೆದು, ಕೈ ತೊಳೆದು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಅವರು ಬಸ್ಸು ಹತ್ತುತ್ತಿದ್ದರು.

ತಮ್ಮ ಕೆಲಸದ ಬಗ್ಗೆ ಅವರು ಹೇಳುತ್ತಿದ್ದುದೂ ದನದ ಭಾಷೆಯಲ್ಲೇ. ಒಂದು ಸಂಜೆ ನಲ್ಲಿಯ ಹತ್ತಿರ ನನ್ನ ಮಣಿಕಟ್ಟು ಹಿಡಿದು ಹೇಳಿದರು:

"ತೊಡೆ ಸಂದಿನಾಗೆ ಎರಡು ಓಡ್ತವೆ ಕಣ್ಲಾ ಸಿದ್ದ. ಒಂದು ಗೂಳಿ, ಒಂದು ಅಸ. ಗೂಳಿ ಒದೀತದೆ, ಬೆರಳಿಗೆ ಗೊತ್ತಾಯ್ತದೆ, ಇಡ್ಕಂಡು ನಿಂತ್ರೆ ಆಯ್ತು. ಅಸ ಒದೆಯಾಕಿಲ್ಲ. ಸುಮ್ಕೆ ನಿಂತಿರ್ತದೆ. ನೀನು ಬೀಡಿ ಸೇದಿ ತಿರುಗೋದ್ರೊಳ್ಗೆ ಪಕ್ಕದೋರ ಒಲದಾಗಿರ್ತದೆ."

ಗೂಳಿ ಎಂದರೆ ಹೃದಯದಿಂದ ರಕ್ತ ತರುವ ನಾಳ, ಹಸು ಎಂದರೆ ರಕ್ತವನ್ನು ಹೃದಯಕ್ಕೆ ವಾಪಸು ಒಯ್ಯುವ ನಾಳ. ಅವರು ಹೆದರುತ್ತಿದ್ದುದು ಹಸುವಿಗೆ. ಅದು ಚಿಮ್ಮುವುದಿಲ್ಲ, ಸದ್ದಿಲ್ಲದೆ ಸೋರುತ್ತದೆ. ಜೋರಾಗಿ ಒತ್ತಿದರೆ ಒಳಗಿನ ಹರಿವೇ ನಿಂತು ಗಡ್ಡೆ ಕಟ್ಟಿಕೊಳ್ಳುತ್ತದೆ, ಮೆತ್ತಗೆ ಒತ್ತಿದರೆ ತೂತು ಮುಚ್ಚುವುದಿಲ್ಲ. "ಕೊಲ್ಲೂಬಾರ್ದು, ಬಿಡೂಬಾರ್ದು" ಎನ್ನುತ್ತಿದ್ದರು. ಅದಕ್ಕೇ ಗೂಳಿಯನ್ನು ಒತ್ತುವಾಗ ಮಳೆ, ಬೆಳೆ, ಬಸ್ಸಿನ ಕಂಡಕ್ಟರ್ ಎಂದೆಲ್ಲ ಮಾತಾಡುತ್ತಿದ್ದವರು, ಹಸುವನ್ನು ಒತ್ತುವಾಗ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಪಕ್ಕದಲ್ಲಿ ಛಾವಣಿ ಕುಸಿದರೂ ತಲೆ ಎತ್ತುತ್ತಿರಲಿಲ್ಲವೆಂದು ಅಲ್ಲಿನ ಸಿಸ್ಟರುಗಳು ಹೇಳುತ್ತಿದ್ದರು. ಛಾವಣಿ ಕುಸಿಯಲಿಲ್ಲ, ಆದರೆ ನಾನು ಹೋದೆ.

ಹೋದದ್ದು ಹೀಗೆ. ನನಗೆ ಮಿಮಿಕ್ರಿ ಎಂಬ ರೋಗ ಹುಟ್ಟಿನಿಂದ ಇತ್ತು, ಹೃದಯದ ರೋಗ ಆಮೇಲೆ ಸೇರಿಕೊಂಡಿತು. ಫೌಂಡ್ರಿಯ ಫೋರ್‌ಮನ್, ಮೀನು ಮಾರುವವಳು, ಪಕ್ಕದ ಕೋಣೆಯ ಉಬ್ಬಸದ ಅಜ್ಜಿ, ಯಾರನ್ನೂ ಬಿಟ್ಟವನಲ್ಲ. ಚೌಡಪ್ಪನವರ ದನಿ ಕಲಿಯಲು ಮಾತ್ರ ಬಹಳ ದಿನ ಹಿಡಿಯಿತು. ಮೊದಲು ಗಂಟಲೊಳಗೆ ಒಂದು ಸಣ್ಣ "ಹ್ಞೂಂ", ಆಮೇಲೆ ಬಾವಿಯ ತಳದಿಂದ ಬಂದಂಥ ದನಿ, ಪ್ರತಿ ಮಾತಿನ ಕೊನೆಯೂ ನೆಲಕ್ಕೆ ಕೂತುಕೊಳ್ಳಬೇಕು. ಒಮ್ಮೆ ಕೋಣೆಯ ಒಳಗೆ ನಿಂತು ಅವರ ದನಿಯಲ್ಲಿ "ಹ್ಞೂಂ, ಸಾಕು, ನಲ್ಲಿ ಬುಡ್ರವ್ವ" ಎಂದೆ. ಜಗಳವಾಡುತ್ತಿದ್ದ ಹೆಂಗಸರೆಲ್ಲ ಬಿಂದಿಗೆ ಎತ್ತಿಕೊಂಡು ಹೊರಟರು. ತಿರುಗಿದರೆ ಬಾಗಿಲಲ್ಲಿ ಚೌಡಪ್ಪನವರು ನಿಂತಿದ್ದರು. ಬಯ್ಯಲಿಲ್ಲ. "ಗಂಟ್ಲು ಮಡಿಕ್ಕ. ಅದುಕ್ಕೆ ಬಾಡ್ಗೆ ಬ್ಯಾಡ" ಎಂದು ಹಸುವಿನ ಕಡೆ ಹೋದರು.

ಆಮೇಲೊಂದು ದಿನ ಎರಡು ಬಕೆಟ್ ನೀರು ಎತ್ತಿಕೊಂಡು ಬರುವಾಗ ಉಸಿರು ಸಿಕ್ಕಿಹಾಕಿಕೊಂಡಿತು. ಬಕೆಟ್ ಇಟ್ಟು ಗೋಡೆ ಹಿಡಿದು ಏದುಸಿರು ಬಿಡತೊಡಗಿದೆ. ವಠಾರದವರೆಲ್ಲ ನಾನು ಉಬ್ಬಸದ ಅಜ್ಜಿಯನ್ನು ಅನುಕರಿಸುತ್ತಿದ್ದೇನೆಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಸ್ವತಃ ಅಜ್ಜಿಯೂ ನಕ್ಕಿತು. ಚಪ್ಪಾಳೆ ಬೀಳುವಾಗ ಸಾಯುವ ಯೋಗ ಎಷ್ಟು ಜನಕ್ಕಿರುತ್ತದೆ! ಅಷ್ಟರಲ್ಲಿ ಮಣಿಕಟ್ಟಿನ ಮೇಲೆ ಮೂರು ಬೆರಳು ಬಂದು ಕೂತವು. ಕೂತವು ಏಳಲಿಲ್ಲ. "ನಗಬ್ಯಾಡ್ರಿ. ಇದು ನಾಟ್ಕ ಅಲ್ಲ" ಎಂದರು ಚೌಡಪ್ಪನವರು. ಮಾರನೆಯ ದಿನ ಬಸ್ಸಿನಲ್ಲಿ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದರು. ನಾನು ಬೇಡವೆಂದು ಹೇಳಿದ ಕಾರಣಗಳನ್ನೆಲ್ಲ ಅವರು ಕೇಳಿಸಿಕೊಂಡರು, ಇಳಿಯಲು ಮಾತ್ರ ಬಿಡಲಿಲ್ಲ.

ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಹೃದಯದ ಒಂದು ಕವಾಟವನ್ನು ಕಿರಿದು ಮಾಡಿಟ್ಟು ಹೋಗಿತ್ತಂತೆ. ಎಷ್ಟು ಕಿರಿದು ಎಂದು ತಿಳಿಯಲು ಕಾಲಿನ ಬುಡದಿಂದ, ಅಂದರೆ ಹಸುವಿನ ದಾರಿಯಿಂದ, ಕೊಳವೆ ಕಳಿಸಿ ಒಳಗಿನ ಒತ್ತಡ ಅಳೆಯಬೇಕೆಂದರು ಅಲ್ಲಿನ ದೊಡ್ಡ ಡಾಕ್ಟರಮ್ಮ. ಆಕೆ ಎತ್ತರದ ಹೆಂಗಸು, ಕೆಲಸದಲ್ಲಿ ಖಡಕ್ಕು, ಕೇಳಿದ್ದಕ್ಕೆಲ್ಲ ನಿಧಾನವಾಗಿ ಉತ್ತರ ಹೇಳುವಷ್ಟು ಒಳ್ಳೆಯವರು. ಅವರ ಮಿಮಿಕ್ರಿ ನನಗೆ ಬರಲೇ ಇಲ್ಲ. ಒಳ್ಳೆಯವರನ್ನು ಅನುಕರಿಸುವುದು ಕಷ್ಟ.

ಅಲ್ಲಿಗೆ ಸೇರುವ ಮುಂಚೆ ನಾನೊಂದು ಉಪಕಾರ ಮಾಡಲು ಹೋದೆ. ಬೆರಳು ತೆಗೆದ ಮೇಲೆ ಆ ಜಾಗಕ್ಕೆ ಪಟ್ಟಿ ಹಾಕಿ, ಅದರ ಮೇಲೆ ಮರಳಿನ ಚೀಲ ಇಡುವುದು ರೂಢಿ. ಆಸ್ಪತ್ರೆಯ ಚೀಲಗಳು ಹಳೆಯವು, ಹೊಲಿಗೆ ಬಿಟ್ಟು ಹಾಸಿಗೆಯೆಲ್ಲ ಮರಳು. ಚೌಡಪ್ಪನವರು ಇದನ್ನು ನಲ್ಲಿಯ ಹತ್ತಿರ ಗೊಣಗುವುದನ್ನು ಕೇಳಿದ್ದೆ. ಮರಳೆಂದರೆ ನಮ್ಮ ಫೌಂಡ್ರಿ, ಫೌಂಡ್ರಿಯೆಂದರೆ ನಾನು! ಖಾಕಿ ಬಟ್ಟೆಯಲ್ಲಿ ಚೀಲ ಹೊಲಿದು, ಫೋರ್‌ಮನ್ ಆ ಕಡೆ ತಿರುಗಿದಾಗ ಮೂಲೆಯ ಗುಡ್ಡೆಯಿಂದ ಗಬಗಬನೆ ತುಂಬಿಕೊಂಡು ಬಂದೆ. ಎಷ್ಟು ಚೆನ್ನಾಗಿತ್ತೆಂದರೆ, ಒತ್ತಿದರೆ ಒತ್ತಿದ ಆಕಾರದಲ್ಲೇ ಕೂರುತ್ತಿತ್ತು. ಯಾಕೆ ಹಾಗೆ ಕೂರುತ್ತದೆಂದು ಅಚ್ಚು ಕಟ್ಟುವವನಾದ ನನಗೇ ಹೊಳೆಯಬೇಕಿತ್ತು. ಅದು ಬರಿಯ ಮರಳಲ್ಲ. ಎರಕದ ಒಳಗಿನ ಪೊಳ್ಳಿಗೆ ಅಚ್ಚು ಮಾಡಲೆಂದು ಕಾಕಂಬಿ ಬೆರೆಸಿಟ್ಟ ಮರಳು. ಕಾಕಂಬಿ ಎಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ, ಮರಳಿಗೆ ಅಂಟಿನ ಹಾಗೆ.

ಚೌಡಪ್ಪನವರು ಚೀಲ ಮೂಸಿ ನೋಡಿದರು. "ಏನ್ಲಾ, ಬೆಲ್ಲದ ವಾಸ್ನೆ ಬತ್ತದೆ?" ಹೊಸ ಬಟ್ಟೆಯ ವಾಸನೆ ಅಣ್ಣ ಎಂದೆ. "ಹ್ಞೂಂ. ಅಂಗಾರೆ ಮೊದ್ಲು ನಿನ್ ಮ್ಯಾಲೇ ಮಡಗಿ ನೋಡಾನ" ಎಂದರು.

ಟೀವಿ ರೂಮಿನಲ್ಲಿ ನನ್ನ ಹೃದಯ ನೋಡಿದೆ. ನನ್ನದೇ ಎದೆಯಾದರೂ ಪರಿಚಯವಿಲ್ಲದವರ ಮನೆಯ ಹಾಗೆ ಕಂಡಿತು. ಕೊಳವೆ ಹೊರಗೆ ಬಂದ ಕೂಡಲೇ ಮೂರು ಬೆರಳು ಬಂದವು. ಚೌಡಪ್ಪನವರು ಕಣ್ಣನ್ನು ಗೋಡೆಯ ಮೇಲೆ ನೆಟ್ಟು, ಬೆರಳಿನ ತುದಿಯಲ್ಲಿ ಕಿವಿ ಇಟ್ಟುಕೊಂಡವರ ಹಾಗೆ ನಿಂತರು. ನಾನು ಬಾಯಿಗೆ ಬಂದದ್ದೆಲ್ಲ ಹರಟಿದೆ. ಅವರಿಂದ ಒಂದು ಹ್ಞೂಂ ಇಲ್ಲ. ಬಹಳ ಹೊತ್ತಿನ ಮೇಲೆ ಬೆರಳುಗಳು ಹಗುರಾಗುತ್ತ ಬಂದವು, ಎಷ್ಟು ನಿಧಾನವೆಂದರೆ, ತೆಗೆದ ಮೇಲೂ ಇನ್ನೂ ಅಲ್ಲೇ ಇವೆ ಅನ್ನಿಸುತ್ತಿತ್ತು. ಆಮೇಲೆ ಪಟ್ಟಿ, ಅದರ ಮೇಲೆ ನನ್ನ ಚೀಲ.

"ಅಲ್ಲಾಡ್‌ಬ್ಯಾಡ. ಕಾಲು ಮಡಚ್‌ಬ್ಯಾಡ, ಕತ್ತು ಎತ್‌ಬ್ಯಾಡ, ನಗಬ್ಯಾಡ. ನಗೋ ಅಂಗಾದ್ರೆ ನಿಮ್ ಫೋರ್‌ಮನ್ನ ಗ್ಯಾಪ್ಕ ಮಾಡ್ಕ."

ವಾರ್ಡಿಗೆ ಬಂದು ಮಲಗಿ ಸ್ವಲ್ಪ ಹೊತ್ತಾಗಿತ್ತು. ಹಿಮ್ಮಡಿಯಲ್ಲಿ ಕಚಗುಳಿ. ಆಮೇಲೆ ಮೊಣಕಾಲಲ್ಲಿ. ಆಮೇಲೆ ಹೇಳಬಾರದ ಕಡೆ ಒಂದು ಚುರುಕ್. ಕಣ್ಣು ಮಾತ್ರ ಇಳಿಸಿ ನೋಡಿದರೆ, ಮಂಚದ ಕಾಲಿನಿಂದ ಹೊರಟ ಕೆಂಪಿರುವೆಯ ಸಾಲು ನನ್ನ ಕಾಲನ್ನೇ ಹೆದ್ದಾರಿ ಮಾಡಿಕೊಂಡು ಕಾಕಂಬಿಯ ಜಾತ್ರೆಗೆ ಹೋಗುತ್ತಿದೆ. ಕಾಲು ಅಲ್ಲಾಡಿಸುವಂತಿಲ್ಲ. ಕೂಗಿದರೆ ಹೊಟ್ಟೆ ಬಿಗಿಯುತ್ತದೆ, ಕೂಗುವಂತಿಲ್ಲ. ಜೀವನದಲ್ಲಿ ಮೊದಲ ಸಲ ನನ್ನದೇ ದನಿಯಲ್ಲಿ, ಅದೂ ಮೆಲ್ಲಗೆ, ಅಣ್ಣಾ ಎಂದೆ.

ಚೌಡಪ್ಪನವರು ಬಂದು ನೋಡಿದರು. ಚೀಲ ತೆಗೆಸಿ ಹೊರಕ್ಕೆ ಕಳಿಸಿದರು. ಎಡಗೈ ಪಟ್ಟಿಯ ಮೇಲಿಟ್ಟರು, ಬಲಗೈಯಲ್ಲಿ ಇರುವೆಗಳನ್ನು ಒಂದೊಂದಾಗಿ ಆರಿಸತೊಡಗಿದರು. ಕೊಡವಿದರೆ ಕಾಲು ಅಲುಗುತ್ತದೆಂದು ಕೊಡವಲಿಲ್ಲ. ಹಳೆಯ ಚೀಲ ಬಂತು, ಸೋರುವ ಮರಳೇ ಸುಖವೆನ್ನಿಸಿತು. ಇರುವೆ ಮುಗಿಯುವವರೆಗೆ ಅವರು ಅಲ್ಲಿಂದ ಕದಲಲಿಲ್ಲ. ಕೊನೆಯ ಇರುವೆಯನ್ನು ಹಿಡಿದು ನನ್ನ ಮುಖದ ಮುಂದೆ ತಂದು, "ಇದೂ ನಿಮ್ ಫ್ಯಾಕ್ಟ್ರೀದೇನಾ?" ಎಂದರು. ಇಡೀ ವಾರ್ಡು ನಕ್ಕಿತು. ನಾನು ಫೋರ್‌ಮನ್‌ನನ್ನು ನೆನೆದುಕೊಂಡೆ.

ಏಳುವ ಹೊತ್ತಾದಾಗ ಅವರೇ ಬಂದರು. ಚೀಲ ಇಳಿಸಿ, ಪಟ್ಟಿಯ ಮೇಲೆ ಒಂದು ಅಂಗೈ ಇಟ್ಟು, ಇನ್ನೊಂದು ತೋಳನ್ನು ನನ್ನ ಕತ್ತಿನ ಕೆಳಗೆ ತೂರಿಸಿದರು. ಸ್ವಲ್ಪ ಎತ್ತಿ ನಿಂತರು, ಬೆರಳಲ್ಲಿ ನೋಡಿಕೊಂಡರು, ಮತ್ತೆ ಸ್ವಲ್ಪ ಎತ್ತಿದರು. ಬಾವಿಯಿಂದ ತುಂಬಿದ ಕೊಡ ಬರುವ ಹಾಗೆ ನಾನು ಮೇಲೆ ಬಂದೆ. ಅಷ್ಟು ಹೊತ್ತೂ ಒಂದು ಮಾತಿಲ್ಲ, ಕೂತ ಮೇಲೆ ಒಂದು ಸಣ್ಣ ಹ್ಞೂಂ. ನನ್ನ ಗಮನವೆಲ್ಲ ಆ ಹ್ಞೂಂ ಮೂಗಿನಿಂದ ಹೊರಡುತ್ತದೋ ಗಂಟಲಿನಿಂದಲೋ ಎನ್ನುವುದರ ಮೇಲಿತ್ತು. ಕಲಾವಿದ ನೋಡಿ.

ಮಾರನೆಯ ದಿನ ನಾನು ಮನೆಗೆ ಹೋಗಬೇಕಿತ್ತು. ಆ ಬೆಳಿಗ್ಗೆ ಪಕ್ಕದ ಮಂಚಕ್ಕೆ ವರ್ತೂರಿನ ಪಿಳ್ಳಪ್ಪ ಬಂದ. ನನಗಿಂತ ಹತ್ತು ವರ್ಷ ದೊಡ್ಡವನು. ಅವರ ಊರಿನ ಕೆರೆಗೆ ನೀರುಗಂಟಿ, ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವುದು, ಮುಚ್ಚುವುದು ಅವನ ಮನೆತನದ ಕೆಲಸ. ಅವನಿಗೂ ನನ್ನದೇ ರೋಗ, ಆದರೆ ಬಹಳ ಮುಂದುವರಿದದ್ದು. ಕವಾಟದೊಳಗೆ ಬಲೂನು ಉಬ್ಬಿಸಿ ಹಿಗ್ಗಿಸುವುದು ಆಗ ಹೊಸತು. ಅವನಿಗೆ ಅದನ್ನೇ ಮಾಡಿದ್ದರು. ನನ್ನ ಕಾಲಲ್ಲಿ ಹೋದದ್ದು ಸಣ್ಣ ಕಡ್ಡಿಯಾದರೆ, ಅವನದರಲ್ಲಿ ಹೋದದ್ದು ಪೆನ್ಸಿಲ್ಲು. ತೂತೂ ಅಷ್ಟೇ ದೊಡ್ಡದು, ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ಔಷಧ ಬೇರೆ. ಚೌಡಪ್ಪನವರು ಅವನನ್ನು ಒತ್ತಿ ಮುಗಿಸಿ ವಾರ್ಡಿಗೆ ಬರುವಾಗ ಅವರ ಅಂಗಿಯ ಬೆನ್ನು ಒದ್ದೆಯಾಗಿತ್ತು.

ಇಬ್ಬರಿಗೂ ಬೇಗ ಹೊಂದಿಕೆಯಾಯಿತು. ಕೆರೆ ತುಂಬಿದಾಗ ತೂಬು ಮುಚ್ಚುವುದು ಹೇಗೆಂದು ಚೌಡಪ್ಪನವರು ಕೇಳಿದರು. ಮುಚ್ಚುವುದು ದೊಡ್ಡದಲ್ಲ, ಮುಚ್ಚಿದ ಮೇಲೆ ಸುಮ್ಮನೆ ಅಲ್ಲೇ ಕೂತಿರಬೇಕು, ಹೊರಟುಹೋದವನ ಗದ್ದೆ ಕೊಚ್ಚಿಹೋಗುತ್ತದೆ ಎಂದ ಪಿಳ್ಳಪ್ಪ. ಚೌಡಪ್ಪನವರು ಅವನ ಮಣಿಕಟ್ಟಿನ ಮೇಲೆ ಬೆರಳಿಟ್ಟು, "ನಾಳೆ ಬೆಳಿಗ್ಗೆಗಂಟ ನಾನು ಬಂದು ಎಬ್ಬಿಸೋಗಂಟ ಅಲ್ಲಾಡ್‌ಬ್ಯಾಡ" ಎಂದು ಹೇಳಿ ಮುಂದಿನ ರೋಗಿಗೆಂದು ಟೀವಿ ರೂಮಿಗೆ ಹೋದರು.

ಪಿಳ್ಳಪ್ಪ ಅಲ್ಲಾಡಲಿಲ್ಲ. ಹೇಳಿದ ಮಾತನ್ನು ಅಷ್ಟು ಅಚ್ಚುಕಟ್ಟಾಗಿ ಪಾಲಿಸುವ ಮನುಷ್ಯನನ್ನು ನಾನು ನೋಡಿಲ್ಲ. ಕಣ್ಣು ಮುಚ್ಚಿ ಕಲ್ಲಿನ ಹಾಗೆ ಮಲಗಿದ್ದ.

ಮಧ್ಯಾಹ್ನ ಊಟದ ತಟ್ಟೆಗಳು ಬಂದವು. ಇರುವೆಯ ಕಥೆ ಇನ್ನೂ ವಾರ್ಡಿನಲ್ಲಿ ಓಡಾಡುತ್ತಿತ್ತು. ಎದುರು ಮಂಚದವನು ನನ್ನನ್ನು ಬೆಲ್ಲದ ಸಿದ್ದ ಎಂದು ಕರೆದ. ನನಗೂ ಸ್ವಲ್ಪ ಉರಿಯಿತ್ತು. ನಿಮ್ಮ ಬ್ರದರ್‌ನನ್ನೇ ಈಗ ಇಲ್ಲಿ ಕರೆಸುತ್ತೇನೆ ನೋಡಿ ಎಂದೆ. ನನ್ನ ಮತ್ತು ಪಿಳ್ಳಪ್ಪನ ಮಂಚದ ನಡುವೆ ಬಟ್ಟೆಯ ಮರೆ ನಿಲ್ಲಿಸಿದ್ದರು. ಈ ಕಡೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ಎದುರು ಮಂಚದವನಿಗೆಂದು, ಬಾವಿಯ ತಳದಿಂದ ಹೇಳಿದೆ: "ಹ್ಞೂಂ. ಆಯ್ತು. ಎದ್ ಕುಂತ್ಕಳಪ್ಪ."

ಮರೆಯ ಆ ಕಡೆ ಮರಳಿನ ಚೀಲ ನೆಲಕ್ಕೆ ಬಿದ್ದ ಸದ್ದು ಕೇಳಿಸಿತು.

ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಮರೆ ಸರಿಸಿದರೆ ಪಿಳ್ಳಪ್ಪ ಕಾಲು ಇಳಿಬಿಟ್ಟು ನೆಟ್ಟಗೆ ಕೂತಿದ್ದಾನೆ, ಶಾಲೆಯ ಹುಡುಗನ ಹಾಗೆ, ಮುಂದೇನು ಎಂದು ಕಾಯುತ್ತ. ಅವನ ಪಂಚೆಯ ಮೇಲೆ ಕಪ್ಪು ಕೆಂಪು ಬಣ್ಣ ಸದ್ದಿಲ್ಲದೆ ಹರಡುತ್ತಿದೆ. ಹಸು ಪಕ್ಕದ ಹೊಲಕ್ಕೆ ನುಗ್ಗಿತ್ತು.

ನಾನು ಅವನನ್ನು ಹಿಂದಕ್ಕೆ ಮಲಗಿಸಿ ಅಂಗೈಯಿಂದ ಒತ್ತಿದೆ. ಎಲ್ಲಿ ಒತ್ತಬೇಕೆಂದು ಗೊತ್ತಿರಲಿಲ್ಲ, ಎಲ್ಲ ಕಡೆ ಒತ್ತಿದೆ. ಬೆರಳ ಸಂದುಗಳಿಂದ ರಕ್ತ ಬಂತು. ಸಿಸ್ಟರ್ ಓಡಿ ಬಂದರು, ಅವರ ಹಿಂದೆ ಚೌಡಪ್ಪನವರು. ನನ್ನ ಕೈಯನ್ನು ಪಕ್ಕಕ್ಕಿಟ್ಟರು, ತಟ್ಟೆ ಸರಿಸಿದ ಹಾಗೆ. ಮೂರು ಬೆರಳು ಹೋಗಿ ಕೂತವು. ಪಿಳ್ಳಪ್ಪನ ತುಟಿ ಬೆಳ್ಳಗಾಗುತ್ತಿತ್ತು. ಸಿಸ್ಟರು ಮಂಚದ ಕಾಲಿನ ಕಡೆ ಎತ್ತರಿಸಿದರು, ಡಾಕ್ಟರಮ್ಮ ಬಂದು ಕೈಗೆ ಸೂಜಿ ಚುಚ್ಚಿ ರಕ್ತ ಹಾಕಿಸಿದರು. ಪಿಳ್ಳಪ್ಪ ಪ್ರಜ್ಞೆ ತಪ್ಪುವ ಮುನ್ನ ಸಿಸ್ಟರಿಗೆ ಹೇಳಿದ ಮಾತು ಇಡೀ ವಾರ್ಡಿಗೆ ಕೇಳಿಸಿತು: "ಚೌಡಣ್ಣ ಏಳು ಅಂದ್ರು, ಎದ್ದೆ."

ಎಲ್ಲರೂ ಚೌಡಪ್ಪನವರ ಮುಖ ನೋಡಿದರು. ಅವರು ಗೋಡೆ ನೋಡುತ್ತಿದ್ದರು. ಹಸುವನ್ನು ಒತ್ತುವಾಗ ಅವರು ಮಾತಾಡುವವರಲ್ಲ. ಆ ಮಧ್ಯಾಹ್ನ ಅವರು ಎಷ್ಟು ಹೊತ್ತು ನಿಂತಿದ್ದರೋ, ಕಿಟಕಿಯ ಬಿಸಿಲು ಪಿಳ್ಳಪ್ಪನ ಮಂಚ ದಾಟಿ, ನನ್ನ ಮಂಚ ದಾಟಿ, ಗೋಡೆ ಹತ್ತಿತು. ನಡುವೆ ಇನ್ನೊಬ್ಬರು ಕೈ ಬದಲಿಸುತ್ತೇನೆ ಎಂದು ಬಂದರು. ಚೌಡಪ್ಪನವರು ತಲೆ ಅಲ್ಲಾಡಿಸಿದರು. ಅವರ ಮೊಣಕೈ ನಡುಗತೊಡಗಿತ್ತು, ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡರು. ಬೆರಳು ನಡುಗಲಿಲ್ಲ. ಅವರು ಮೆಲ್ಲಗೆ ಕೈ ತೆಗೆದು ಹೊಸ ಪಟ್ಟಿ ಹಾಕಿದರು, ಅದು ಒಣಗಿಯೇ ಉಳಿಯಿತು.

ಆ ದಿನ ನಾನು ಬಾಯಿ ಬಿಡಲಿಲ್ಲ. ಎದುರು ಮಂಚದವನೂ ಬಿಡಲಿಲ್ಲ, ನಕ್ಕ ತಪ್ಪು ಅವನದೂ ಇತ್ತು. ನನ್ನನ್ನು ಮನೆಗೆ ಕಳಿಸುವುದು ಈ ಗಲಾಟೆಯಲ್ಲಿ ಮರುದಿನಕ್ಕೆ ಹೋಯಿತು. ಬೆಳಿಗ್ಗೆ ಡಾಕ್ಟರಮ್ಮ ಪಿಳ್ಳಪ್ಪನ ಮಂಚದ ಬಳಿ ಬಂದು ನಿಂತರು. ಅವನು ಅಪಾಯದಿಂದ ಪಾರಾಗಿದ್ದ, ತೊಡೆ ಮಾತ್ರ ನೇರಳೆ ಹಣ್ಣಿನ ಬಣ್ಣ. ಅದೇ ಮಾತು ಅವನದು: ಚೌಡಣ್ಣನೇ ಅಂದಿದ್ದು ತಾಯಿ, ನಾನು ನನ್ನಿಷ್ಟಕ್ಕೆ ಏಳುವವನಲ್ಲ. ನಿಜ, ಅವನು ಏಳುವವನಲ್ಲ. ಸುಳ್ಳು ಹೇಳುವವನೂ ಅಲ್ಲ. ಡಾಕ್ಟರಮ್ಮನ ಮುಖದಲ್ಲಿ ಸಿಟ್ಟಿಗಿಂತ ಬೇಸರ ಹೆಚ್ಚಿತ್ತು. ಮೇಲಿನವರು ಕೇಳುತ್ತಿದ್ದಾರೆ, ನೀವೇ ಹೇಳಿದ್ದಾದರೆ ನಾನು ನಿಮ್ಮನ್ನು ಸ್ಟೋರ್ಸಿಗೆ ಕಳಿಸಲೇಬೇಕಾಗುತ್ತದೆ ಚೌಡಪ್ಪ, ಎಂದರು. ಸ್ಟೋರ್ಸೆಂದರೆ ಹತ್ತಿ, ಬಕೆಟ್ಟು, ಫಿನಾಯಿಲ್ ಕೊಡುವ ಕಿಟಕಿ. ಆ ಬೆರಳುಗಳು ಅಲ್ಲಿ ಫಿನಾಯಿಲ್ ಡಬ್ಬದ ಮುಚ್ಚಳ ಒತ್ತುವುದು ನನ್ನ ಕಣ್ಣಿಗೆ ಕಟ್ಟಿತು.

"ಅಂದಿದ್ದು ನಾನು ಮೇಡಂ" ಎಂದೆ.

ಅವರು ನನ್ನ ಕಡೆ ತಿರುಗಿದರು. "ನೀನು ಇವರ ಮನೆಯಲ್ಲೇ ಬಾಡಿಗೆಗಿರೋದು, ಅಲ್ವಾ?"

"ಹೌದು ಮೇಡಂ."

"ಓನರ್ ಮೇಲೆ ಪ್ರೀತಿ ಇರಬೇಕು. ಇಷ್ಟೊಂದು ಬೇಡ."

ಬದುಕಿನಲ್ಲಿ ಹೇಳಿದ ಸುಳ್ಳನ್ನೆಲ್ಲ ನಂಬಿದ ಜನ, ಹೇಳಿದ ಒಂದು ನಿಜಕ್ಕೆ ಕೈಕೊಟ್ಟರು. ಚೌಡಪ್ಪನವರ ದನಿ ತೆಗೆಯುತ್ತೇನೆ, ಕೇಳಿ ಮೇಡಂ ಎಂದೆ. ತೆಗೆಯಲು ಹೋದರೆ ಗಂಟಲು ಒಣಗಿತ್ತು. ಹೊರಬಂದದ್ದು ಮೊಟ್ಟೆಯಿಡುವ ಕೋಳಿಯ ದನಿ. ಯಾರೂ ನಗಲಿಲ್ಲ. ಸಿಸ್ಟರ್ ಒಂದು ಲೋಟ ನೀರು ಕೊಟ್ಟರು. ಕುಡಿದು, ಕಣ್ಣು ಮುಚ್ಚಿ, ಮೊದಲು ಆ ಹ್ಞೂಂ, ಆಮೇಲೆ ಬಾವಿ, ಆಮೇಲೆ ನಿನ್ನೆಯ ಅದೇ ಮಾತು ಹೇಳಿದೆ. ಕಣ್ಣು ಬಿಟ್ಟರೆ ಪಿಳ್ಳಪ್ಪ ಮತ್ತೆ ಕತ್ತು ಎತ್ತುತ್ತಿದ್ದಾನೆ, ಚೌಡಪ್ಪನವರು ಅವನ ಎದೆಯ ಮೇಲೆ ಕೈಯಿಟ್ಟು ಹಿಡಿದಿದ್ದಾರೆ.

ಡಾಕ್ಟರಮ್ಮ ಬಗ್ಗಿ ಪಿಳ್ಳಪ್ಪನ ಪಟ್ಟಿ ನೋಡಿದರು. ಆಮೇಲೆ ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು. ಇವನಿಗೆ ಈ ದನಿ ಬರುತ್ತದೆಂದು ಗೊತ್ತಾಯಿತು, ನಿನ್ನೆ ಅಂದವರು ಯಾರೆಂದು ಇನ್ನೂ ಗೊತ್ತಾಗಲಿಲ್ಲ. ಅವರು ಚೌಡಪ್ಪನವರ ಕಡೆ ತಿರುಗಿ, ನಿನ್ನೆಯಿಂದ ನೀವು ಬಾಯೇ ಬಿಟ್ಟಿಲ್ಲ, ಈಗಲಾದರೂ ಹೇಳಿ ಎಂದರು.

ಚೌಡಪ್ಪನವರು ಈಗಿಲ್ಲ. ರಿಟೈರಾದ ಮೇಲೆ ಹಸುಗಳ ಜೊತೆಯಲ್ಲೇ ಇದ್ದರು. ಒಂದು ಮುಂಜಾನೆ ಹಾಲು ಕರೆಯಲು ಏಳಲಿಲ್ಲ. ಅವರನ್ನು ಹೊರಗೆ ತರುವಾಗ ವಠಾರದವರೆಲ್ಲ ಕೈ ಕೊಟ್ಟರು, ಕತ್ತಿನ ಕೆಳಗೆ ತೋಳು ಕೊಟ್ಟವನು ನಾನು. ಪಿಳ್ಳಪ್ಪನೂ ವರ್ತೂರಿನಿಂದ ಬಂದಿದ್ದ, ಗಟ್ಟಿಮುಟ್ಟಾಗಿದ್ದ. ನಾನು ಮಾತ್ರೆ ನುಂಗಿಕೊಂಡು, ಮರಳು ಹೊರುವುದು ಬಿಟ್ಟು, ಅದೇ ಫೌಂಡ್ರಿಯಲ್ಲಿ ಕೂತು ಮಾಡುವ ಕೆಲಸದಲ್ಲಿದ್ದೇನೆ. ಈಗಲೂ ಎಲ್ಲರ ದನಿಯನ್ನೂ ತೆಗೆಯುತ್ತೇನೆ, ಅವರದೊಂದನ್ನು ಬಿಟ್ಟು. ನಲ್ಲಿಯ ಹತ್ತಿರ ಹೆಂಗಸರು ಜಗಳವಾಡುವಾಗ ಅದು ಗಂಟಲಿನವರೆಗೆ ಬರುತ್ತದೆ. ನುಂಗಿಕೊಳ್ಳುತ್ತೇನೆ.

ಅವರು ಆ ಒಂದು ಹಗಲು ಒಂದು ರಾತ್ರಿ ಯಾಕೆ ಸುಮ್ಮನಿದ್ದರೆಂದು ಆಮೇಲೆ ಅರ್ಥವಾಯಿತು. ಅಂದವನು ಯಾರೆಂದು ಅವರಿಗೆ ಮೊದಲ ಕ್ಷಣದಲ್ಲೇ ಗೊತ್ತಿತ್ತು. ನಾನಾಗಿ ಬಾಯಿ ಬಿಡಲೆಂದು ಕಾದಿದ್ದರು, ಬೆರಳಿಟ್ಟುಕೊಂಡು ಕಾಯುವ ಹಾಗೆ, ಜೋರಾಗಿಯೂ ಒತ್ತದೆ, ಬಿಡದೆಯೂ. ಡಾಕ್ಟರಮ್ಮ ಅವರ ಕೆಲಸವನ್ನು ವರ್ಷಗಟ್ಟಲೆ ಕಣ್ಣಾರೆ ಕಂಡವರು. ಅದಕ್ಕೇ ಆ ಬೆಳಿಗ್ಗೆ ಚೌಡಪ್ಪನವರು ಹೇಳಿದ್ದನ್ನು ಕೇಳಿದ ಮೇಲೆ ಮತ್ತೆ ಒಂದು ಪ್ರಶ್ನೆಯನ್ನೂ ಕೇಳದೆ ಮುಂದಿನ ಮಂಚಕ್ಕೆ ಹೋದರು. ಸ್ಟೋರ್ಸಿನ ಮಾತು ಅಲ್ಲಿಗೆ ಮುಗಿಯಿತು. ಚೌಡಪ್ಪನವರು ಪಿಳ್ಳಪ್ಪನ ಎದೆಯಿಂದ ಕೈ ತೆಗೆಯದೆ, ನನ್ನ ಕಡೆ ನೋಡದೆ, ಗೋಡೆಗೆ ಹೇಳಿದ ಹಾಗೆ ಹೇಳಿದ್ದು ಇಷ್ಟು:

"ಎದ್ ಕುಂತ್ಕ ಅಂತ ನಾನು ಈವತ್ತಿನಗಂಟ ಒಬ್ರಿಗೂ ಅಂದಿಲ್ಲ ಮೇಡಂ. ನಾನೇ ಎಬ್ಬುಸ್ತೀನಿ. ಇವ್ನು ನನ್ ಗಂಟ್ಲು ಕದ್ದ, ಕೈ ನೋಡ್ಲೇ ಇಲ್ಲ."